ಮೊದಲು ಇಂಜೆಕ್ಷನ್ ಇಲ್ಲದ ಸ್ಕ್ಯಾನ್

ಮಡಿಕೇರಿಗೆ ರೇಡಿಯಾಲಜಿಸ್ಟ್ ಆಗಿ ಬಂದ ಹೊಸತರಲ್ಲಿ ನಾನೊಂದು ತಪ್ಪು ಮಾಡಿದೆ. ಭಾಗಮಂಡಲದ ಕಡೆಯ ಅಜ್ಜಿಯೊಬ್ಬರಿಗೆ ಹೊಟ್ಟೆನೋವು ಅಂತ ನೇರವಾಗಿ ಕಾಂಟ್ರಾಸ್ಟ್ ಅನ್ನುವ ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿದೆ. ಎಡ ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಅಡಿಕೆಯಷ್ಟು ಗಡ್ಡೆ ಕಂಡಿತು. ಎಂಥ ಗಡ್ಡೆ? ಹೇಳಲು ಆಗಲಿಲ್ಲ. ಇಂಜೆಕ್ಷನ್ ಇಲ್ಲದ ಪ್ಲೇನ್ ಸ್ಕ್ಯಾನೇ ಇರಲಿಲ್ಲ ಅಲ್ವಾ. ಅಜ್ಜಿ ಕಕ್ಕಡದ ಮಳೆಯಲ್ಲಿ ಮತ್ತೆ ಬಸ್ಸು ಹತ್ತಿ ಬರಬೇಕಾಯಿತು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಎರಡನೇ ಸಲ ಇಂಜೆಕ್ಷನ್ ಇಲ್ಲದೆ ನೋಡಿದಾಗ ಗಡ್ಡೆಯ ಹೌನ್ಸ್‌ಫೀಲ್ಡ್ ಅಂಕಿ, ಅಂದರೆ ಸಿಟಿಯಲ್ಲಿ ಕಾಣುವ ಸಾಂದ್ರತೆಯ ಅಳತೆ, 4. ಈ ಅಳತೆಯಲ್ಲಿ ನೀರು ಸೊನ್ನೆ, ಕೊಬ್ಬು ಸೊನ್ನೆಗಿಂತ ಎಷ್ಟೋ ಕೆಳಗೆ. ಅಡ್ರಿನಲ್‌ನ ನಿರಪಾಯದ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಕೊಬ್ಬಿನಂಶ ಜಾಸ್ತಿ. ಎಲ್ಲ ಕಡೆ ಒಂದೇ ಬಗೆಯಾಗಿದ್ದು ಅಂಕಿ 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕ್ಯಾನ್ಸರ್ ಭಯ ಬೇಡ. ಹಾರ್ಮೋನ್ ಪರೀಕ್ಷೆ ಮಾತ್ರ ಬಿಡಬಾರದು.

ಆಮೇಲೆ ಒಂದು ಕಾಫಿ ಕುಯ್ಲಿನ ಸಮಯದಲ್ಲಿ ತೋಟದ ರೈಟರ್ (ಲೆಕ್ಕಪತ್ರ ನೋಡುವವರು) ಒಬ್ಬರು ಬಂದರು. ಬಿಪಿ ಒಮ್ಮೆ 200 ದಾಟುತ್ತದೆ, ಒಮ್ಮೆ ಸರಿ ಇರುತ್ತದೆ. 'ತಲೆನೋವು ಬಂದಾಗ ಬೆವರುತ್ತಾ?' ಅಂತ ಕೇಳಿದೆ. 'ಜನವರಿ ಚಳಿಯಲ್ಲೂ ಬನಿಯನ್ ಒದ್ದೆ ಆಗ್ತದೆ ಡಾಕ್ಟ್ರೇ, ಎದೆ ಡವಡವ ಅಂತದೆ' ಅಂದರು.

ಪ್ಲೇನ್ ಸ್ಕ್ಯಾನನ್ನು 3 ಮಿಲಿಮೀಟರ್ ತೆಳು ಪದರಗಳಲ್ಲಿ ತೆಗೆದೆ. ಸಹಜ ಗ್ರಂಥಿ ಕವಲೊಡೆದ ಸಣ್ಣ ಕಡ್ಡಿಯನ್ನು ತಲೆಕೆಳಗೆ ಹಿಡಿದಂತೆ ಕಾಣುತ್ತದೆ. ಇವರ ಎಡಗಡೆ ಹಾಗೇ ಇತ್ತು. ಬಲಗಡೆ, ಲಿವರ್ ಪಕ್ಕ, ದೊಡ್ಡ ರಕ್ತನಾಳದ ಹಿಂದೆ, ಆ ಕವಲು ಮಾಯವಾಗಿ 5 ಸೆಂಟಿಮೀಟರ್ ಉಂಡೆ ಕೂತಿತ್ತು. ಅಂಕಿ 36.

ಅಲ್ಲಿಗೇ ನಿಲ್ಲಿಸಿ ಅವರನ್ನು ಕಳಿಸಿದ ಫಿಜಿಷಿಯನ್‌ಗೆ ಫೋನ್ ಮಾಡಿದೆ. ಸೂಜಿ ಚುಚ್ಚಿ ತುಣುಕು ತೆಗೆಯೋದು ಬೇಡವೇ ಬೇಡ ಅಂದೆ. ಫಿಯೋಕ್ರೋಮೋಸೈಟೋಮಾ, ಅಂದರೆ ಅಡ್ರಿನಲಿನ್ ಥರದ ಹಾರ್ಮೋನ್ ಸುರಿಸುವ ಗಡ್ಡೆ, ಆಗಿದ್ದರೆ ಸೂಜಿ ತಾಗಿದೊಡನೆ ಅಡ್ರಿನಲಿನ್ ರಕ್ತಕ್ಕೆ ನುಗ್ಗಿ ಜೀವಕ್ಕೇ ಅಪಾಯ. ಕಾಂಟ್ರಾಸ್ಟ್ ಕೊಟ್ಟು 15 ನಿಮಿಷದ ನಂತರ ಬಣ್ಣ ಎಷ್ಟು ಇಳಿಯಿತು ಅಂತ ನೋಡುವ ಕ್ರಮವೂ ಇದೆ. ಆದರೆ ಈ ಜಾತಿಯ ಗಡ್ಡೆ ಅದರಲ್ಲೂ ಮೋಸ ಮಾಡಬಲ್ಲದು. ಇಲ್ಲಿ ನಿಜ ಹೇಳೋದು 24 ಗಂಟೆಯ ಮೂತ್ರದಲ್ಲಿ ಮೆಟನೆಫ್ರಿನ್ (ಅಡ್ರಿನಲಿನ್ ಒಡೆದು ಆಗುವ ವಸ್ತು) ಅಳೆಯುವ ಪರೀಕ್ಷೆ.

ಅದು ತುಂಬಾ ಜಾಸ್ತಿ ಬಂತು. ಮೈಸೂರಿನಲ್ಲಿ ಮೊದಲು ಎರಡು ವಾರ ಬಿಪಿ ಹಿಡಿತಕ್ಕೆ ತರುವ ಆಲ್ಫಾ ಬ್ಲಾಕರ್ ಮಾತ್ರೆ ಕೊಟ್ಟರು, ಆಮೇಲೆ ಆಪರೇಷನ್. ಮುಂದಿನ ಕುಯ್ಲಿಗೆ ರೈಟರ್ ತೋಟದಲ್ಲಿದ್ದರು. ವರ್ಷಕ್ಕೊಮ್ಮೆ ಮೂತ್ರ ಪರೀಕ್ಷೆ ಈಗಲೂ ಮಾಡಿಸುತ್ತಾರೆ.