ಗೆರೆ ಮುರಿದ ಕಂಬ

ಆಲ್ದೂರು ಕಡೆಯ ಒಂದು ಕಾಫಿ ತೋಟದ ಗೋದಾಮಿನಲ್ಲಿ ಅಟ್ಟ ಕಟ್ಟಿಕೊಟ್ಟಿದ್ದೆ. ಕುಯ್ಲು ಮುಗಿದು, ಒಣಗಿದ ಕಾಫಿ ಚೀಲಗಳು ಅಟ್ಟ ಸೇರಿದ ಮೇಲೆ ತೋಟದ ಗೌಡ್ರು ಫೋನ್ ಮಾಡಿದರು. "ಒಂದ್ಸಲ ಬಂದು ನೋಡಿ. ನಡುವಿನ ಕಂಬ ಹೊಟ್ಟೆ ಬಿಟ್ಟ ಹಾಗೆ ಕಾಣ್ತಿದೆ."

ಅವತ್ತೇ ಹೋದೆ. ನೂಲು ಹಿಡಿದರೆ ನಡುವೆ 20 ಮಿಲಿಮೀಟರ್ ಬಾಗಿತ್ತು. ಮೊದಲು ಸಿಲ್ವರ್ ಮರದ ದಿಮ್ಮಿಗಳನ್ನು ಆಸರೆ ಕೊಟ್ಟೆವು. ಆಮೇಲೆಯೇ ಹತ್ತಿರ ಹೋಗಿ ನೋಡಿದ್ದು.

ಆ ಕಂಬ ತಗಡನ್ನು ತಣ್ಣಗೇ ಮಡಚಿ ಮಾಡಿದ ಸಿ ಚಾನೆಲ್‌ನದು. ಬೆನ್ನಿನ ಅಗಲ 150, ಪಕ್ಕಗಳದು 50, ಅಂಚಿಗೆ 15ರ ಮಡಿಕೆ, ದಪ್ಪ 2 ಮಿಲಿಮೀಟರ್. ಎರಡು ಚಾನೆಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದ್ದೆ. ಆ ತೋಟಕ್ಕೆ ದೊಡ್ಡ ಲಾರಿ ಹತ್ತುವುದಿಲ್ಲ. 3.6 ಮೀಟರ್ ಉದ್ದದ ಒಂದು ಚಾನೆಲ್ ಸುಮಾರು 15 ಕೆಜಿ, ಒಬ್ಬ ಹೆಗಲ ಮೇಲೆ ಹೊತ್ತು ಹೋಗಬಹುದು. ವೆಲ್ಡಿಂಗ್ ಬೇಡ ಅಂದಿದ್ದೂ ನಾನೇ. ಸತುವಿನ ಲೇಪ ಸುಟ್ಟರೆ ಮಲೆನಾಡಿನ ಥಂಡಿಗೆ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, 1200 ಮಿಲಿಮೀಟರ್‌ಗೆ ಒಂದು ಸಾಲು.

ಜೋಡಿಸುವಾಗ ನಮ್ಮ ಹುಡುಗ ಮೂಲೆಮಟ್ಟ ಇಟ್ಟು, ಎರಡೂ ಚಾನೆಲ್ ದಾಟುವ ಹಾಗೆ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದ. ಸ್ಕ್ರೂ ಜಾಗ ಗೊತ್ತಾಗಲಿ ಅಂತ ಅಷ್ಟೇ. ಆ ಗೆರೆಗಳೇ ಎಲ್ಲವನ್ನೂ ಹೇಳಿದವು. ಮೇಲ್ತುದಿಯ ಗೆರೆ ಸಂದಿನಲ್ಲಿ ಮುರಿದು, ಒಂದು ಮಿಲಿಮೀಟರ್‌ನಷ್ಟು ಮೇಲೆ ಕೆಳಗೆ ಆಗಿತ್ತು. ಕೆಳಗೆ ಬರುತ್ತಾ ವ್ಯತ್ಯಾಸ ಕಡಿಮೆ. ಬುಡದಲ್ಲಿ, ಎರಡನ್ನೂ ಸೇರಿಸಿ ಬೋಲ್ಟ್ ಹಾಕಿದ್ದ ಕಡೆ, ಗೆರೆ ನೆಟ್ಟಗೇ ಇತ್ತು.

ಒಂದು ನೋಟ್‌ಬುಕ್ ತಗೊಂಡು ಬಾಗಿಸಿ ನೋಡಿ. ಹೊಲಿಗೆ ಇರುವ ಕಡೆ ಹಾಳೆಗಳು ಕದಲುವುದಿಲ್ಲ. ತೆರೆದ ಅಂಚಿನಲ್ಲಿ ಒಂದರ ಮೇಲೊಂದು ಜಾರಿ ಮೆಟ್ಟಿಲಿನ ಹಾಗೆ ಆಗುತ್ತವೆ. ಆ ಅಂಚಿಗೂ ಗಟ್ಟಿಯಾಗಿ ಕ್ಲಿಪ್ ಹಾಕಿದರೆ ಪುಸ್ತಕ ಸುಲಭಕ್ಕೆ ಬಾಗುವುದಿಲ್ಲ. ಜೋಡಿ ಕಂಬವೂ ಹಾಗೆಯೇ. ಜಾರಾಟ ಜಾಸ್ತಿ ಇರುವುದು ತುದಿಯಲ್ಲಿ. ನನ್ನ ಕಂಬದ ಮೇಲ್ತುದಿಗೆ ಕ್ಲಿಪ್ಪೇ ಇರಲಿಲ್ಲ. ಒಂದು ಚಾನೆಲ್ 2 ಮಿಲಿಮೀಟರ್ ಗಿಡ್ಡ ಕತ್ತರಿಸಿದ್ದರು. ಮೇಲಿನ ಕ್ಲೀಟನ್ನು, ಅಂದರೆ ಕಂಬವನ್ನು ಅಟ್ಟಕ್ಕೆ ಸೇರಿಸುವ ತುಂಡನ್ನು, ಇನ್ನೊಂದಕ್ಕೆ ಮಾತ್ರ ಸ್ಕ್ರೂ ಮಾಡಿದ್ದರು. ಭಾರವೆಲ್ಲ ಒಂದರ ತಲೆ ಮೇಲೆ. ನಾನು ತೂಗುಗುಂಡು ಬಿಟ್ಟು ಕಂಬ ನೆಟ್ಟಗಿದೆಯಾ ಅಂತ ನೋಡಿದ್ದೆ, ತುದಿ ನೋಡಿರಲಿಲ್ಲ. ಅದು ನನ್ನ ತಪ್ಪು.

ಲೆಕ್ಕದಲ್ಲಿ ನಾನು ಪಾಸಾಗಿದ್ದೆ ಅನ್ನುವುದೇ ನನ್ನನ್ನು ಹೆಚ್ಚು ಕಾಡಿದ್ದು. ಇಂತಹ ತಗಡಿನ ಕೆಲಸಕ್ಕೆ ನಾನು ಹಿಡಿದದ್ದು ನಮ್ಮ ದೇಶದ ಕೋಡ್, ಅಂದರೆ ನಿಯಮ ಪುಸ್ತಕ, 1975ರ ಐಎಸ್ 801. ಎರಡು ಸ್ಕ್ರೂ ಸಾಲಿನ ನಡುವೆ ಬಿಡಿ ಚಾನೆಲ್‌ನ ಸ್ಲೆಂಡರ್‌ನೆಸ್ (ಉದ್ದಕ್ಕೆ ಹೋಲಿಸಿದರೆ ಎಷ್ಟು ಸಪೂರ ಅನ್ನುವ ಸಂಖ್ಯೆ), ಇಡೀ ಕಂಬದ್ದರ ಅರ್ಧ ದಾಟಬಾರದು ಅನ್ನುತ್ತದೆ ಅದು. ಉದ್ದವನ್ನು ಗೈರೇಶನ್ ತ್ರಿಜ್ಯದಿಂದ, ಅಂದರೆ ತಗಡು ನಡುಗೆರೆಯಿಂದ ಎಷ್ಟು ದೂರ ಹರಡಿದೆ ಅನ್ನುವ ಅಳತೆಯಿಂದ, ಭಾಗಿಸಿದರೆ ಆ ಸಂಖ್ಯೆ ಸಿಗುತ್ತದೆ. ಬಿಡಿ ಚಾನೆಲ್‌ನ ಗೈರೇಶನ್ ತ್ರಿಜ್ಯ 18, ಜೋಡಿಯದು 23 ಮಿಲಿಮೀಟರ್. 1200ನ್ನು 18ರಿಂದ ಭಾಗಿಸಿದರೆ 67. 3600ನ್ನು 23ರಿಂದ ಭಾಗಿಸಿದರೆ ಸುಮಾರು 156, ಅದರ ಅರ್ಧ 78. ಸರಿ ಇದೆ ಅಲ್ವಾ?

ಇದೇ ಕೆಲಸದ ಅಮೆರಿಕದ ಕೋಡ್ ಆದ ಎಐಎಸ್‌ಐ ಎಸ್100 ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. 67 ಮತ್ತು 156ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. 156 ಆಗ 170ರ ಹತ್ತಿರ ಬರುತ್ತದೆ. 300ಕ್ಕೆ ಒಂದು ಸಾಲು ಹಾಕಿದರೆ 157ರಲ್ಲೇ ನಿಲ್ಲುತ್ತದೆ. ಇಷ್ಟು ಸಪೂರ ಕಂಬದಲ್ಲಿ ಶಕ್ತಿ ಈ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಶೇ. 15ರಷ್ಟು ನಷ್ಟ. ಆದರೆ ಇದೆಲ್ಲ ತುದಿ ಗಟ್ಟಿಯಾಗಿದ್ದರೆ ಮಾತ್ರ. ಎರಡೂ ಪೂರ್ತಿ ಬಿಡಿಬಿಡಿಯಾಗಿ ಬಾಗಿದರೆ ಸಂಖ್ಯೆ 200. ಸುಮಾರು ಶೇ. 40ರಷ್ಟು ಶಕ್ತಿ ಅಲ್ಲಿಗೇ ಹೋಯಿತು. ಅದಕ್ಕೇ ಆ ಅಮೆರಿಕದ ಕೋಡ್ ತುದಿಗೆ ಬೇರೆ ನಿಯಮ ಇಟ್ಟಿದೆ: ಕಂಬದ ದೊಡ್ಡ ಅಗಲದ ಒಂದೂವರೆ ಪಟ್ಟು ಉದ್ದಕ್ಕೆ, ಸ್ಕ್ರೂ ವ್ಯಾಸದ ನಾಲ್ಕು ಪಟ್ಟಿಗಿಂತ ದೂರವಿಲ್ಲದ ಹಾಗೆ ಸ್ಕ್ರೂ ಬರಬೇಕು. ನಮ್ಮ ಕಂಬಕ್ಕೆ ಅದು 225 ಮಿಲಿಮೀಟರ್ ಉದ್ದಕ್ಕೆ, 5.5ರ ಸ್ಕ್ರೂ, 22ಕ್ಕೆ ಒಂದು.

ತಗಡಿನ ಕಂಬ ಹೀಗೆ ಬಾಗುವುದಷ್ಟೇ ಅಲ್ಲ. ಬೆನ್ನಿನ ತಗಡು ಎಣ್ಣೆ ಡಬ್ಬದ ಹಾಗೆ ಅಲ್ಲಲ್ಲಿ ಉಬ್ಬಬಹುದು. ಅಂಚಿನ ಮಡಿಕೆ ಸಣ್ಣದಾದರೆ ಪಕ್ಕದ ತಗಡು ಬಾಗಿಲು ತೆರೆದ ಹಾಗೆ ಹೊರಕ್ಕೆ ತಿರುಗಬಹುದು. ನಮ್ಮಲ್ಲಿ ಬೆರಳಾಡಿಸಿ ನೋಡಿದರೆ ಅಂಥದ್ದೇನೂ ಇರಲಿಲ್ಲ.

ಚೀಲ ಇಳಿಸಿ ಆ ಕಂಬವನ್ನೇ ಬದಲಾಯಿಸಿದೆವು. ಎರಡು ಚಾನೆಲ್ ಒಟ್ಟಿಗೆ ಹಿಡಿದು ಒಂದೇ ಸಲ ಕತ್ತರಿಸಿದೆವು. ಮೇಲಿನ ಕ್ಲೀಟ್ ಎರಡಕ್ಕೂ. ನಡುವೆ 300ಕ್ಕೆ ಎರಡೆರಡು ಸ್ಕ್ರೂ, ಬೆನ್ನಿನ ಮಧ್ಯಕ್ಕಲ್ಲ, ಎರಡು ಅಂಚಿನ ಹತ್ತಿರ. ಉಳಿದ ಕಂಬಗಳಿಗೂ ತುದಿ ಸ್ಕ್ರೂ ಸೇರಿಸಿದೆವು. ಚೀಲದ ಸಾಲು ಎಷ್ಟು ಎತ್ತರಕ್ಕೆ ಅಂತ ಗೋಡೆಗೆ ಬಣ್ಣದಲ್ಲಿ ಗುರುತು ಹಾಕಿಸಿದೆ.

ಈಗ ಪ್ರತಿ ಕಂಬದ ಎರಡೂ ತುದಿಗೆ ಬೇಕಂತಲೇ ಗೆರೆ ಎಳೆಸುತ್ತೇನೆ. ಭಾರ ಬೀಳುವ ಮೊದಲು, ಅಳಿಸದ ಮಾರ್ಕರ್‌ನಲ್ಲಿ. ಕುಯ್ಲು ಮುಗಿದು ಅಟ್ಟ ತುಂಬಿದ ಮೇಲೆ ಗೌಡ್ರು ಏಣಿ ಹಾಕಿ, ಟಾರ್ಚ್ ಬಿಟ್ಟು, ಒಂದೊಂದೇ ನೋಡಿ ಫೋಟೋ ಕಳಿಸುತ್ತಾರೆ.