ಮಗುವಿಗೆ ಶುಗರ್ ಇದ್ದರೆ ವರ್ಷದ ಟೆಸ್ಟ್‌ಗಳನ್ನು ಹೀಗೆ ಮಾಡಿಸಿ

ಟೈಪ್ 1 ಮಧುಮೇಹ ಇರುವ ಮಕ್ಕಳ ಮನೆಯಲ್ಲಿ ದಿನದ ಶುಗರ್ ನೋಡುವುದು ಎಲ್ಲರಿಗೂ ರೂಢಿ. ಮರೆತುಹೋಗುವುದು ಕಣ್ಣು, ಕಿಡ್ನಿ, ನರಗಳ ಸಣ್ಣ ರಕ್ತನಾಳಗಳು. ಅವು ಹಾಳಾಗತೊಡಗಿದಾಗ ನೋವೂ ಇರುವುದಿಲ್ಲ, ಸುಸ್ತೂ ಇರುವುದಿಲ್ಲ. ಟೆಸ್ಟ್ ಮಾಡಿಸಿದರೇ ಗೊತ್ತಾಗುವುದು.

ಮೊದಲು ಎಚ್‌ಬಿಎ1ಸಿ, ಅಂದರೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತದ ಟೆಸ್ಟ್. ಮೂರು ತಿಂಗಳಿಗೊಮ್ಮೆ ಮಾಡಿಸಿ, ಖಾಲಿ ಹೊಟ್ಟೆ ಬೇಕಿಲ್ಲ. ಹೆಚ್ಚಿನ ಮಕ್ಕಳಿಗೆ ಗುರಿ 7%ಕ್ಕಿಂತ ಕಡಿಮೆ. 9% ಬಂತು ಅಂದರೆ ಸರಾಸರಿ ಶುಗರ್ 212 ಮಿ.ಗ್ರಾಂ/ಡೆಸಿಲೀಟರ್ ಆಸುಪಾಸು ಇದೆ ಎಂದರ್ಥ. ಈ ಅಂತರ ಸಣ್ಣದಲ್ಲ. 1983ರಿಂದ 1993ರವರೆಗೆ ಅಮೆರಿಕ, ಕೆನಡಾಗಳಲ್ಲಿ 13ರಿಂದ 39 ವಯಸ್ಸಿನ 1,441 ಜನರ ಮೇಲೆ ಡಿಸಿಸಿಟಿ ಎಂಬ ಅಧ್ಯಯನ ನಡೆಯಿತು. 9%ರ ಬದಲು 7%ರ ಹತ್ತಿರ ಇದ್ದವರಲ್ಲಿ ಹೊಸದಾಗಿ ರೆಟಿನಾ (ಕಣ್ಣಿನ ಒಳಗಿನ ಹಿಂಬದಿಯ ಪರದೆ) ತೊಂದರೆ ಬರುವ ಸಾಧ್ಯತೆ 76% ಇಳಿದಿತ್ತು.

ಒಂದು ಎಚ್ಚರಿಕೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ಸುಮ್ನೆ ಜಾಸ್ತಿ ತೋರಿಸಬಹುದು. ಸಿಕಲ್ ಸೆಲ್, ಥಲಸ್ಸೀಮಿಯಾದಂಥ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದರೆ ನಂಬುವಂತೆಯೇ ಇಲ್ಲ. ಆಗ ಮೀಟರ್ ಅಥವಾ ಸೆನ್ಸರ್ ಅಂಕಿಗಳನ್ನೇ ಡಾಕ್ಟರಿಗೆ ತೋರಿಸಿ.

ಎರಡನೆಯದು ಮೂತ್ರ. ನನ್ನ ಪ್ರಕಾರ ಅತಿ ಹೆಚ್ಚು ಕಡೆಗಣಿಸುವ ಟೆಸ್ಟ್ ಇದೇ. ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) ನಾರ್ಮಲ್ ಬಂದರೆ ಕಿಡ್ನಿ ಚೆನ್ನಾಗಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಅದು ಏರುವಷ್ಟರಲ್ಲಿ ಹಾನಿ ಮುಂದುವರಿದಿರುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಸೋರುವುದು ಅದಕ್ಕಿಂತ ಬಹಳ ಮೊದಲೇ ಕಾಣುತ್ತದೆ. ಮಗುವಿಗೆ 11 ವರ್ಷ ಆದಾಗ ಅಥವಾ ಪ್ರೌಢಾವಸ್ಥೆ ಶುರುವಾದಾಗ, ಕಾಯಿಲೆ ಬಂದು 2ರಿಂದ 5 ವರ್ಷ ಕಳೆದಿದ್ದರೆ, ವರ್ಷಕ್ಕೊಮ್ಮೆ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಿಸಿ. ಟೈಪ್ 2 ಆದರೆ ಕಾಯಿಲೆ ಪತ್ತೆಯಾದ ಕೂಡಲೇ.

ಬೆಳಗ್ಗೆ ಎದ್ದು ಮಾಡುವ ಮೊದಲ ಮೂತ್ರವನ್ನೇ ಹಿಡಿಯಿರಿ. ಹಿಂದಿನ ದಿನ ಕಬಡ್ಡಿ, ಓಟದ ಸ್ಪರ್ಧೆ ಬೇಡ. ಜ್ವರ ಇದ್ದಾಗ, ಮುಟ್ಟಿನ ದಿನಗಳಲ್ಲಿ ಮುಂದೂಡಿ. ಅನುಪಾತ 30 ಮಿ.ಗ್ರಾಂ/ಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಬಂದರೆ ತಕ್ಷಣ ಗಾಬರಿ ಬೀಳಬೇಡಿ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡರಲ್ಲಿ ಜಾಸ್ತಿ ಇದ್ದರೆ ಮಾತ್ರ ತೊಂದರೆ ಇದೆ ಎನ್ನುತ್ತಾರೆ. ಆಗ ಬಿಪಿಗೆ ಕೊಡುವ ಒಂದು ಬಗೆಯ ಮಾತ್ರೆಯನ್ನೇ ಕಿಡ್ನಿ ಕಾಪಾಡಲು ಬರೆದುಕೊಡುವುದುಂಟು.

ಬಿಪಿಯನ್ನು ಪ್ರತಿ ಭೇಟಿಯಲ್ಲೂ ನೋಡಿಸಿ. ಮಗುವಿನ ತೋಳಿಗೆ ಹೊಂದುವ ಪಟ್ಟಿ ಇರಲಿ. ಕೊಲೆಸ್ಟ್ರಾಲ್‌ನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 100 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಕೆಳಗಿರಬೇಕು. ನರಗಳಿಗಾಗಿ ಮಾಡುವ ಪಾದದ ಪರೀಕ್ಷೆ ಐದು ನಿಮಿಷದ ಕೆಲಸ: ತೆಳು ನೈಲಾನ್ ಎಳೆ ಮುಟ್ಟಿಸಿ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡುತ್ತಾರೆ.

ಲ್ಯಾಬ್ ಪ್ಯಾಕೇಜ್‌ನಲ್ಲಿ ಉರಿಯೂತದ ಮಾರ್ಕರ್, ಅದು ಇದು ಎಂದು ಉದ್ದ ಪಟ್ಟಿ ಇದ್ದರೆ ಡಾಕ್ಟರು ಕೇಳದೆ ದುಡ್ಡು ಸುರಿಯಬೇಡಿ. ಸಂಶೋಧಕರಿಗೆ ಅವು ಬೇಕು. ಮಗುವಿನ ಸಣ್ಣ ರಕ್ತನಾಳಗಳ ಬಗ್ಗೆ ಚಿಕಿತ್ಸೆ ನಿರ್ಧಾರ ಸದ್ಯಕ್ಕೆ ಅವುಗಳ ಮೇಲೆ ನಿಂತಿಲ್ಲ.

ಕೊನೆಗೆ ಕಣ್ಣು. ಬೋರ್ಡಿನ ಅಕ್ಷರ ಓದಿಸಿದರೆ ಸಾಲದು, ರೆಟಿನಾ ನೋಡಬೇಕು. ಇದಕ್ಕೂ 11ನೇ ವರ್ಷದ ಲೆಕ್ಕವೇ. ಚೆನ್ನಾಗಿದ್ದರೆ ಎರಡು-ಮೂರು ವರ್ಷಕ್ಕೊಮ್ಮೆ, ಶುಗರ್ ಹತೋಟಿ ತಪ್ಪಿದ್ದರೆ ಇನ್ನೂ ಬೇಗ. ರೆಟಿನಾ ನೋಡಲು ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಂಜುಮಂಜು. ಹಾಗಾಗಿ ಶಾಲೆಯ ಪರೀಕ್ಷೆಯ ಹಿಂದಿನ ದಿನ ಕರೆದುಕೊಂಡು ಹೋಗಬೇಡಿ.