ಹೆಬ್ಬೆರಳಿನ ಗಂಟಿಗೆ ಶೂ ಒತ್ತುತ್ತಿದ್ದರೆ ಲೇಸ್ ಹೀಗೆ ಕಟ್ಟಿ

ಕಾಲಿನ ಹೆಬ್ಬೆರಳಿನ ಬುಡದಲ್ಲಿ ಬನಿಯನ್ (bunion, ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ ಬುಡದ ಮೂಳೆ ಹೊರಚಾಚುವುದು) ಗಂಟು ಇದ್ದು ಶೂ ಹಾಕಿದಾಗ ನೋಯುತ್ತಿದ್ದರೆ, ಲೇಸ್ ಪೂರ್ತಿ ಬಿಚ್ಚಿ ಮತ್ತೆ ಪೋಣಿಸಿ, ಆದರೆ ಗಂಟಿನ ನೇರಕ್ಕೆ ಬರುವ ತೂತುಗಳ ಜೋಡಿಯನ್ನು ಬಿಟ್ಟುಬಿಡಿ. ಅಲ್ಲಿ ಲೇಸ್ ಅಡ್ಡ ಹಾಯಬಾರದು. ಎರಡೂ ಬದಿಯಲ್ಲಿ ನೇರವಾಗಿ ಮೇಲಿನ ತೂತಿಗೆ ತಂದು ಅಲ್ಲಿಂದ ಎಂದಿನಂತೆ ಕಟ್ಟಿ. ಲೇಸ್ ಬಿಗಿ ಮಾಡಿದಾಗ ಶೂವಿನ ಮೇಲ್ಭಾಗ ಆ ಕೀಲಿನ ಮೇಲೇ ಎಳೆದು ಕೂರುತ್ತದೆ, ಆ ಒಂದು ಎಳೆತ ತಪ್ಪಿದರೆ ಗಂಟಿನ ಮೇಲೆ ಒತ್ತುವುದು, ಉಜ್ಜುವುದು ಕಡಿಮೆಯಾಗುತ್ತದೆ, ಮೇಲೆ ಬಿಗಿ ಹಾಗೇ ಇರುವುದರಿಂದ ಹಿಮ್ಮಡಿಯೂ ಜಾರುವುದಿಲ್ಲ. ಮುಂಭಾಗ ಚೂಪಾಗಿರುವ ಅಥವಾ ಹಿಮ್ಮಡಿ ಎತ್ತರದ ಶೂಗೆ ಇದು ಸುಮ್ನೆ ದಂಡ, ಅಲ್ಲಿ ಅಗಲದ ಶೂ ಒಂದೇ ದಾರಿ. ಕೊಳ್ಳುವಾಗ ಸಂಜೆ ಹೊತ್ತು ನಿಂತುಕೊಂಡೇ ಅಳತೆ ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಜಾಸ್ತಿ ನಡೆದ ದಿನ ನೋವಿದ್ದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಬಹುದು (ಪಾದದಲ್ಲಿ ಸ್ಪರ್ಶ ಸರಿಯಾಗಿ ತಿಳಿಯದವರು ಬೇಡ). ಗಂಟು ಇದಾವುದರಿಂದಲೂ ಕರಗುವುದಿಲ್ಲ, ಮೂಳೆ ನೇರವಾಗಬೇಕಾದರೆ ಆಪರೇಷನ್ನೇ ಆಗಬೇಕು. ರಾತ್ರಿ ಬೆರಳಿಗೆ ಹಾಕುವ ಪಟ್ಟಿಗಳೂ ಅಷ್ಟೇ, ಹಾಕಿಕೊಂಡಾಗ ಹಾಯೆನಿಸಬಹುದು, ಆದರೆ ವಾಲಿದ ಬೆರಳನ್ನು ಕಾಯಂ ಆಗಿ ತಿರುಗಿಸುವುದಿಲ್ಲ. ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಮುಟ್ಟಲೂ ಆಗದಷ್ಟು ನೋಯುತ್ತಿದ್ದರೆ ಅದು ಗೌಟ್ (ಯೂರಿಕ್ ಆಸಿಡ್ ಹೆಚ್ಚಾಗಿ ಕೀಲು ಊದುವ ಕಾಯಿಲೆ) ಅಥವಾ ಸೋಂಕು ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಗಂಟಿನ ಮೇಲೆ ಚರ್ಮ ಒಡೆದರೂ ಕಾಯುವುದು ಬೇಡ. ಇವೆರಡರಲ್ಲೂ ಲೇಸ್ ಬಿಡಿ, ಡಾಕ್ಟರಿಗೆ ತೋರಿಸಿ.